ಬಾಯಿಗೆ ಅಡ್ಡ ಇಟ್ಟ ಕೈ

ಅರ್ಲೀನ್ ಸ್ಟಿಡಮ್ ಎಂದರೆ ಯಾರು ಎಂದು ಕ್ಲಿಯರ್ ಫೋರ್ಕಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಊರಿಗೆ ಇದ್ದದ್ದು ಒಂದೇ ದಿನಸಿ ಅಂಗಡಿ, ಹಾಲ್‌ಬ್ರೂಕ್ ಮುದುಕನದು. ಅದರ ಕ್ಯಾಶ್ ಕೌಂಟರಿನ ಹಿಂದೆ ಅವಳು ಶಾಲೆ ಬಿಟ್ಟ ಬೇಸಿಗೆಯಲ್ಲಿ ಬಂದು ನಿಂತವಳು, ಮಗಳು ಹುಟ್ಟಿದಾಗಿನ ಬಾಣಂತನದ ಕೆಲವು ತಿಂಗಳು ಬಿಟ್ಟರೆ ಅಲ್ಲಿಂದ ಕದಲಿರಲಿಲ್ಲ. ಯಾರ ಮನೆಯ ಮಗುವಿಗೆ ಹಸುವಿನ ಹಾಲು ಒಗ್ಗುವುದಿಲ್ಲ, ಯಾರ ಗಂಡ ಹೆಂಡತಿಗೆ ಹೇಳದೆ ಸಿಗರೇಟು ಕೊಳ್ಳುತ್ತಾನೆ, ಬೆಕ್ಕು ಸತ್ತು ವರ್ಷವಾದರೂ ಯಾವ ಮುದುಕಿ ಇನ್ನೂ ಬೆಕ್ಕಿನ ಊಟದ ಡಬ್ಬಿ ಕೊಂಡು ಹೋಗುತ್ತಾಳೆ, ಎಲ್ಲವೂ ಅವಳಿಗೆ ಗೊತ್ತು. ಗೊತ್ತಿದ್ದದ್ದನ್ನು ಒಬ್ಬರ ಮುಂದೂ ಆಡಿದವಳಲ್ಲ. ಬಂದವರನ್ನೆಲ್ಲ 'ಚಿನ್ನ' ಎನ್ನುತ್ತಿದ್ದಳು. ಪಾದ್ರಿಯೂ ಚಿನ್ನ, ಕುಡಿದು ತೂರಾಡುವವನೂ ಚಿನ್ನ.

ಆಮೇಲೆ ಗಣಿ ಮುಚ್ಚಿತು. ಗುಡ್ಡದೊಳಗೆ ಕಲ್ಲಿದ್ದಲು ಇನ್ನೂ ಇದೆ, ಕೊಳ್ಳುವವರಿಲ್ಲ ಎಂದರು. ಕೆಂಟಕಿಯ ನಮ್ಮ ಈ ಪೂರ್ವದ ಗುಡ್ಡಗಳಲ್ಲಿ ಗಣಿ ಮುಚ್ಚಿದರೆ ಮೊದಲು ಊರು ಬಿಡುವವರು ಗಂಡಸರು, ಅವರ ಹಿಂದೆ ಹೆಂಗಸರು ಮಕ್ಕಳು. ಕೊಳ್ಳುವವರೇ ಇಲ್ಲದ ಅಂಗಡಿಯನ್ನು ಹಾಲ್‌ಬ್ರೂಕ್ ಮುದುಕ ಕೆಲವು ಚಳಿಗಾಲ ಎಳೆದ. ಕೊನೆಗೊಂದು ಶನಿವಾರ ಬಾಗಿಲಿಗೆ ಹಲಗೆ ಹೊಡೆಸಿ, ಉಳಿದಿದ್ದ ಹಂದಿಯ ತೊಡೆಮಾಂಸವನ್ನು ಅರ್ಲೀನಳ ಕೈಗಿಟ್ಟ.

"ಇದಕ್ಕಿಂತ ಹೆಚ್ಚು ನನ್ನ ಕೈಲಾಗಲ್ಲ ಅರ್ಲೀನ್. ಬೇಜಾರು ಮಾಡ್ಕೋಬೇಡ" ಎಂದು ನಿಂತಲ್ಲೇ ಅತ್ತುಬಿಟ್ಟ. ಕೆಲಸ ಹೋದದ್ದು ಅವಳದು, ಸಮಾಧಾನ ಮಾಡಬೇಕಾದವಳೂ ಅವಳೇ ಆದಳು.

ಗಂಡ ವರ್ಜಿಲ್ ಅದಕ್ಕೆ ಮೊದಲೇ ತೀರಿಹೋಗಿದ್ದ. ಗಣಿಯ ಧೂಳು ನುಂಗಿ ನುಂಗಿ ಎದೆಯೊಳಗೆ ಕಲ್ಲು ಕಟ್ಟಿದಂತಾಗಿ, ಕೊನೆಕೊನೆಗೆ ಎದ್ದು ಬಾಗಿಲವರೆಗೆ ನಡೆಯಲೂ ಉಸಿರು ಸಾಲುತ್ತಿರಲಿಲ್ಲ. ಮಗಳು ಕ್ರಿಸ್ಟಾ ಒಹಾಯೋದಲ್ಲಿ ಒಂದು ದೊಡ್ಡ ಗೋದಾಮಿನಲ್ಲಿ ಡಬ್ಬ ಕಟ್ಟುತ್ತಿದ್ದಳು. ಅವಳಿಗೊಂದು ಪುಟ್ಟ ಹುಡುಗಿ, ಮತ್ತು ಇದ್ದೂ ಇಲ್ಲದಂಥ ಗಂಡ. ಅಲ್ಲಿಂದ ನೆರವು ಬರುವ ಮಾತಿರಲಿಲ್ಲ. ಅರ್ಲೀನ್ ಹಳ್ಳದ ದಂಡೆಗೆ ಚಕ್ರದ ಮೇಲೆ ತಂದಿಟ್ಟ ಟ್ರೇಲರ್ ಮನೆಯಲ್ಲಿ ಒಬ್ಬಳೇ ಇದ್ದಳು. ಪಕ್ಕದ ಟ್ರೇಲರಿನಲ್ಲಿ ಯೂಲಾ ಎಂಬ ಮುದುಕಿ. ಗಣಿ ಕಾರ್ಮಿಕರ ಸಂಘಕ್ಕೆ ಬಲವಿದ್ದ ಕಾಲದಲ್ಲಿ ಗಂಡನ ಲೆಕ್ಕದಲ್ಲಿ ಬಾಯಿ ತುಂಬ ಹಲ್ಲುಸೆಟ್ಟು ಕಟ್ಟಿಸಿಕೊಂಡ ಯೂಲಾ, ಆ ಹಲ್ಲುಗಳ ಮಧ್ಯದಿಂದ ಪ್ರಪಂಚವನ್ನೆಲ್ಲ ಬೈಯುತ್ತ ಬದುಕಿದ್ದಳು.

ಅರ್ಲೀನಳ ಹಲ್ಲು ಹಾಳಾದದ್ದು ಒಂದು ದಿನದ ಕಥೆಯಲ್ಲ. ವರ್ಜಿಲ್ ಹಾಸಿಗೆ ಹಿಡಿದಿದ್ದಾಗಲೇ ದವಡೆಹಲ್ಲು ನೋಯುತ್ತಿತ್ತು. ಲವಂಗದ ಎಣ್ಣೆ ಹಚ್ಚಿಕೊಂಡು ಕೌಂಟರಿಗೆ ಹೋಗುತ್ತಿದ್ದಳು. ಉಸಿರಿಗಾಗಿ ಒದ್ದಾಡುವವನ ಪಕ್ಕ ಕೂತು ಹಲ್ಲುನೋವು ಎನ್ನಲು ಅವಳಿಗೆ ನಾಚಿಕೆ. ಅಂಗಡಿ ಮುಚ್ಚಿದ ವರ್ಷವೇ ಮುಂದಿನ ಹಲ್ಲೊಂದು ಸುಟ್ಟ ಜೋಳದ ತೆನೆ ಕಚ್ಚುವಾಗ ಮುರಿಯಿತು. ಪಕ್ಕದ್ದು ತಾನಾಗಿಯೇ ಕಪ್ಪಾಗಿ ಉದುರಿತು. ಕನ್ನಡಿ ನೋಡಿಕೊಂಡಳು. ತನ್ನದೇ ಮುಖ, ಆದರೆ ಯಾರೋ ಕುಡುಕಿಯ ಮುಖದ ಹಾಗೆ ಕಂಡಿತು. ಅವತ್ತಿನಿಂದ ಮಾತಾಡುವಾಗ ಬಲಗೈ ತಾನಾಗಿ ಬಾಯಿಗೆ ಅಡ್ಡ ಬರತೊಡಗಿತು.

ಹೆದ್ದಾರಿಯ ಮೋಟೆಲಿನಲ್ಲಿ ಮುಂದಿನ ಮೇಜಿಗೆ ಹೆಂಗಸು ಬೇಕು ಎಂದು ಯಾರೋ ಹೇಳಿದರು. ಇದ್ದುದರಲ್ಲಿ ಒಳ್ಳೆಯ ನೀಲಿ ಅಂಗಿ ತೊಟ್ಟು ಹೋದಳು. ಮ್ಯಾನೇಜರು ಮಗಳಿಗಿಂತ ಚಿಕ್ಕವನು. ಕೆಲಸದ ಅನುಭವ ಕೇಳಿ ತಲೆದೂಗಿದ. ಆಮೇಲೆ ಕೇಳಿದ, "ಯಾಕೆ ಮ್ಯಾಮ್, ಬಾಯಿ ಮುಚ್ಕೊಂಡೇ ಮಾತಾಡ್ತಿದ್ದೀರಲ್ಲ?"

ಅವಳು ಕೈ ಇಳಿಸಿದಳು. ಅವನು ನೋಡಿದ. ನೋಡಿ, ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿಂದಿತ್ತ ಸರಿಸಿದ.

"ವಿಷಯ ಏನಂದ್ರೆ, ಇಲ್ಲಿಗೆ ಬರೋರು ದೂರದಿಂದ ಗಾಡಿ ಓಡಿಸಿ ದಣಿದಿರ್ತಾರೆ. ಅವರಿಗೆ ಒಂದು ನಗುಮುಖ ಬೇಕಾಗುತ್ತೆ."

"ನಾನು ನಗಲ್ಲ ಅಂದ್ನಾ ಚಿನ್ನ?"

ಅವನು ಎದ್ದು ಬಾಗಿಲು ತೆಗೆದು ಹಿಡಿದ. ಹೊರಗೆ ಬಂದು ಕಾರಿನಲ್ಲಿ ಕೂತಾಗಲೇ ಅವಳಿಗೆ ತಾನು ಅವನನ್ನೂ ಚಿನ್ನ ಎಂದೆನಲ್ಲ ಎಂದು ಹೊಳೆದದ್ದು.

ಅದೇ ಪಾಡು ಸಾಮಾನಿನ ಅಂಗಡಿಯಲ್ಲಿ, ಅದೇ ಪಾಡು ಬ್ಯಾಂಕಿನಲ್ಲಿ. ಹಲ್ಲು ಎಂಬ ಮಾತನ್ನು ಒಬ್ಬರೂ ಎತ್ತಲಿಲ್ಲ. ಎಲ್ಲರೂ ಅವಳ ಬಾಯಿ ಬಿಟ್ಟು ಹಣೆಯನ್ನೋ ಕಿವಿಯನ್ನೋ ನೋಡಿ ಮಾತಾಡಿದರು. "ಹೇಳಿ ಕಳಿಸ್ತೀವಿ" ಎಂದರು.

ಕೊನೆಗೆ ಅವಳನ್ನು ಎತ್ತಿ ಹಿಡಿದದ್ದು ಅವಳ ದನಿ. ಪಕ್ಕದ ಕೌಂಟಿಯಲ್ಲಿ ಹಳೆಯ ಶಾಲೆಯೊಂದನ್ನು ಬಾಡಿಗೆಗೆ ಹಿಡಿದು ಕಾಲ್ ಸೆಂಟರ್ ತೆರೆದಿದ್ದರು. ದೇಶದ ಯಾವ ಮೂಲೆಯಲ್ಲಿ ಟಿ.ವಿ. ಕೆಟ್ಟರೂ ಜನ ಇಲ್ಲಿಗೆ ಫೋನ್ ಮಾಡಿ ಕೂಗಾಡುತ್ತಿದ್ದರು. ಅಲ್ಲಿನ ಮೇಲ್ವಿಚಾರಕ ಬ್ರಾಡ್ಲಿ ಎಂಬವನು ಅವಳನ್ನು ನೋಡುವ ಮೊದಲು ಫೋನಿನಲ್ಲೇ ಮಾತಾಡಿಸಿ, ಫೋನಿನಲ್ಲೇ ಕೆಲಸ ಕೊಟ್ಟ.

ಆ ಚಳಿಗಾಲ ಅವಳು ಸುಖವಾಗಿದ್ದಳು. ಕಿವಿಗೆ ಫೋನು, ಮುಂದೆ ಗೋಡೆ. ಬಾಯಿಗೆ ಕೈ ಅಡ್ಡ ಇಡಬೇಕಿಲ್ಲ. ಟೆಕ್ಸಸಿನಿಂದ ಒಬ್ಬ ಬೆಂಕಿಯಂತೆ ಉರಿಯುತ್ತ ಬಂದರೆ, "ಅಯ್ಯೋ ಚಿನ್ನ, ಆಟದ ಮಧ್ಯದಲ್ಲೇ ಹೋಯ್ತಾ? ಯಾರು ಗೆದ್ರು ಅಂತಾನೂ ಗೊತ್ತಾಗ್ಲಿಲ್ವಾ?" ಎಂದು ಅವನ ಜೊತೆ ತಾನೂ ನಿಟ್ಟುಸಿರು ಬಿಡುತ್ತಿದ್ದಳು. ಅವನು ತಣ್ಣಗಾಗಿ ತನ್ನ ಮಂಡಿನೋವಿನ ಕಥೆ ಹೇಳಿ ಫೋನ್ ಇಡುತ್ತಿದ್ದ. ಬ್ರಾಡ್ಲಿ ಹೊಸಬರನ್ನು ಕರೆತಂದು ಅವಳ ಪಕ್ಕ ಕೂರಿಸಿ, "ಅರ್ಲೀನ್ ಹೇಗೆ ಮಾತಾಡ್ತಾರೆ ಕೇಳಿಸ್ಕೊಳ್ಳಿ" ಎನ್ನುತ್ತಿದ್ದ.

ಬೇಸಿಗೆ ಹತ್ತಿರವಾದಾಗ ಮೇಲಿನ ದವಡೆ ಬಾತುಕೊಂಡಿತು. ಮೊದಲು ಒಂದು ಕೆನ್ನೆ, ಆಮೇಲೆ ಕಣ್ಣಿನ ಕೆಳಗಿನವರೆಗೆ. ಜ್ವರದಲ್ಲೇ ಫೋನ್ ಎತ್ತಿದಳು. ಕೆಲಸಕ್ಕೆ ವಿಮೆ ಇರಲಿಲ್ಲ. ದಂತವೈದ್ಯನ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ಅವರು ಹೇಳಿದ ಮೊತ್ತ ಕೇಳಿ ಥ್ಯಾಂಕ್ಸ್ ಹೇಳಿ ಇಟ್ಟಳು. ಯೂಲಾ ಬಂದು ಕೆನ್ನೆ ಮುಟ್ಟಿ ನೋಡಿ, "ಇದು ಮೆದುಳಿಗೆ ಏರಿದ್ರೆ ನೀನು ನನಗಿಂತ ಮುಂಚೆ ಹೋಗ್ತೀಯ. ನನ್ನ ಹೆಣ ಹೊರೋಕೆ ಯಾರಿರ್ತಾರೆ?" ಎಂದಳು. ವರ್ಷಕ್ಕೊಮ್ಮೆ ಹೈಸ್ಕೂಲಿನಲ್ಲಿ ನಡೆಯುವ ಧರ್ಮಾರ್ಥ ದಂತ ಶಿಬಿರ ಆ ವಾರವೇ ಇತ್ತು. ಯೂಲಾಳೇ ಅವಳನ್ನು ಕಾರಿಗೆ ತಳ್ಳಿದಳು.

ಬ್ಯಾಸ್ಕೆಟ್‌ಬಾಲ್ ಆಡುವ ಒಳಾಂಗಣದ ತುಂಬ ಮಡಚುವ ಕುರ್ಚಿಗಳು. ಪ್ರತಿ ಕುರ್ಚಿಯಲ್ಲೂ ಬಾಯಿ ತೆರೆದು ಮಲಗಿದ ಒಬ್ಬೊಬ್ಬರು. ಗಣಿಯವರು, ಗಣಿಯವರ ವಿಧವೆಯರು, ಇನ್ನೂ ಮೂವತ್ತು ತುಂಬದೆ ಬೊಚ್ಚುಬಾಯಾದ ಹುಡುಗಿಯರು. ಹೊರಗೆ ಸಾಲು ಶಾಲೆ ದಾಟಿ ರಸ್ತೆಗೆ ಬಂದಿತ್ತು. ಬೇರೆ ರಾಜ್ಯಗಳಿಂದ ಬಂದು ಕಾರಿನಲ್ಲೇ ಮಲಗಿದವರಿದ್ದರು. ಅರ್ಲೀನಳ ಪಾಲಿಗೆ ಬಂದದ್ದು ಲೆಕ್ಸಿಂಗ್ಟನ್ನಿನಿಂದ ಬಂದಿದ್ದ ಎಳೆಯ ವಯಸ್ಸಿನ ವೈದ್ಯೆ. ದೀಪ ಹಿಡಿದು ತುಂಬ ಹೊತ್ತು ನೋಡಿ, ಮುಖದ ಬಟ್ಟೆ ಕೆಳಗೆ ಸರಿಸಿದಳು.

"ಅರ್ಲೀನ್, ನಿಮಗೆ ಸುಳ್ಳು ಹೇಳಲ್ಲ. ಕೀವು ಮೂಳೆಗೆ ಇಳಿದಿದೆ. ಮೇಲಿನ ಸಾಲಿನಲ್ಲಿ ಉಳಿಸೋವಂಥದ್ದು ಒಂದೂ ಇಲ್ಲ."

"ಒಂದೂ?"

"ಒಂದೂ ಇಲ್ಲ."

"ನಂದು ಫೋನಲ್ಲಿ ಮಾತಾಡೋ ಕೆಲಸ ಡಾಕ್ಟ್ರೇ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. "ಹಲ್ಲುಸೆಟ್ಟು ಮಾಡೋರು ಮುಂದಿನ ವರ್ಷದ ಶಿಬಿರಕ್ಕೆ ಬರ್ತಾರೆ. ಅಷ್ಟರಲ್ಲಿ ಒಸಡೂ ಗಟ್ಟಿಯಾಗಿರುತ್ತೆ. ಮೊದಲನೇ ದಿನವೇ ಬಂದು ಅಚ್ಚು ಕೊಡಿ, ಪುಕ್ಕಟೆ ಮಾಡ್ಕೊಡ್ತಾರೆ."

"ಅಲ್ಲೀವರೆಗೆ ನಾನೇನು ಮಾಡ್ಲಿ?"

ಆ ಹುಡುಗಿ ಅವಳ ಭುಜದ ಮೇಲೆ ಕೈಯಿಟ್ಟು ಕಾದಳು. ಅರ್ಲೀನ್ ಕಣ್ಣು ಮುಚ್ಚಿ ಬಾಯಿ ತೆರೆದಳು. ನೋವಿನ ಮದ್ದು ಚುಚ್ಚಿದ ಮೇಲೂ ಒಂದೊಂದು ಬೇರು ಕಿತ್ತು ಬರುವ ಸದ್ದು ತಲೆಬುರುಡೆಯೊಳಗೆ ಕೇಳುತ್ತಿತ್ತು, ಹಳೆಯ ಬೇಲಿಯ ಗೂಟ ಕೀಳುವ ಹಾಗೆ.

ಬಾವು ಇಳಿಯಿತು, ಜೀವ ಉಳಿಯಿತು. ಅವಳು ಮತ್ತೆ ಫೋನಿನ ಮುಂದೆ ಕೂತಳು. ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿಯೇ ಹೋಗಿದ್ದಳು. ನಾಲಗೆಗೆ ತಗಲಲು ಹಲ್ಲಿಲ್ಲದೆ ಅರ್ಧ ಅಕ್ಷರಗಳು ಗಾಳಿಯಾಗಿ ಹೋಗುತ್ತಿದ್ದವು. "ಏನು ಸಹಾಯ ಮಾಡಲಿ" ಎಂಬುದು "ಏನು ಶಾಯ ಮಾಡ್ಲಿ" ಎಂದು ಹೊರಬರುತ್ತಿತ್ತು.

ಮೊದಲ ದಿನ ಒಬ್ಬ ಗಂಡಸು ಎರಡು ಸಲ "ಏನು? ಏನು?" ಎಂದು ಕೇಳಿ, ಮೂರನೆಯ ಸಲ ಹೇಳಿದ, "ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆನೇ ಹಾಕಿದ್ದೀಯಾ?"

"ಇಲ್ಲ ಚಿನ್ನ, ನನಗೆ ಹಲ್ಲು..."

"ನಂಗೆ ಬೇರೆ ಯಾರನ್ನಾದ್ರೂ ಕೊಡು. ಅಮಲಿಳಿದಿರೋರನ್ನ."

ಅವಳು ಕೊಟ್ಟಳು. ಆಮೇಲಿನವರು ಅಷ್ಟು ಒರಟಾಗಿರಲಿಲ್ಲ. ಕೆಲವರು ನಕ್ಕರು, ಕೆಲವರು ಮಕ್ಕಳ ಜೊತೆ ಮಾತಾಡುವಂತೆ ಬಿಡಿಸಿ ಬಿಡಿಸಿ ಮಾತಾಡಿದರು. ಅವಳನ್ನು ಚುಚ್ಚಿದ್ದು ಆ ಮರುಕವೇ. ವಾರ ಕಳೆಯುವ ಮೊದಲು ಬ್ರಾಡ್ಲಿ ಅವಳನ್ನು ಕೋಣೆಗೆ ಕರೆದ. ಅವನಿಗೂ ಕಷ್ಟವೇ ಆಗಿತ್ತು.

"ಸ್ವಲ್ಪ ದಿನ ಮನೇಲಿರಿ ಅರ್ಲೀನ್. ಬಾಯಿ ಸರಿಹೋದ ಮೇಲೆ ಒಂದು ಫೋನ್ ಮಾಡಿ. ನಿಮ್ಮ ಕುರ್ಚಿ ಎಲ್ಲೂ ಹೋಗಲ್ಲ."

"ಬ್ರಾಡ್ಲಿ, ಹಲ್ಲು ತಾನಾಗಿ ಬೆಳೆಯೋಕೆ ನಾನೇನು ಹಾಲುಗಲ್ಲದ ಮಗುನಾ?"

ಅವನಿಗೆ ಇದೂ ಸರಿಯಾಗಿ ಕೇಳಿಸಲಿಲ್ಲ. "ಸಾರಿ, ಏನಂದ್ರಿ?" ಎಂದ. ಅವಳು ಮತ್ತೊಮ್ಮೆ ಹೇಳಲು ಹೋಗದೆ ಎದ್ದು ಬಂದಳು.

ಮುಂದಿನ ತಿಂಗಳುಗಳನ್ನು ಅವಳು ಹೇಗೆ ಕಳೆದಳು ಎಂಬುದನ್ನು ಯೂಲಾ ಒಬ್ಬಳು ನೋಡಿದಳು. ಎಲೆ ಉದುರುವ ಹೊತ್ತಿಗೆ ವಿದ್ಯುತ್ತು ಕಡಿದರು. ಯೂಲಾಳ ಕಿಟಕಿಯಿಂದ ಒಂದು ಉದ್ದದ ವೈರು ಹಳ್ಳದ ದಂಡೆಯ ಹುಲ್ಲಿನ ಮೇಲೆ ಹರಿದು ಬಂದು ಅರ್ಲೀನಳ ಒಂದು ದೀಪವನ್ನೂ ಒಂದು ಪುಟ್ಟ ಹೀಟರನ್ನೂ ಉರಿಸಿತು. ಚರ್ಚಿನವರು ಬಡವರಿಗೆಂದು ಕೊಡುವ ಪೆಟ್ಟಿಗೆಯಲ್ಲಿ ಆ ಸಲ ಸೇಬು, ಕಡಲೆಕಾಯಿ, ಗಟ್ಟಿ ಬಿಸ್ಕತ್ತು ಬಂದವು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಎಂಬ ಗಾದೆಯನ್ನು ಮಾಡಿದವರು ಅವಳ ಅಡುಗೆಮನೆ ನೋಡಿಯೇ ಮಾಡಿದ್ದಿರಬೇಕು. ಅವಳು ಬೀನ್ಸ್ ಕಾಳನ್ನು ಹಿಟ್ಟಾಗುವಷ್ಟು ಬೇಯಿಸಿ ಕುಡಿದಳು. ಜೋಳದ ಬ್ರೆಡ್ಡನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗಿದಳು.

ಭಾನುವಾರಗಳಂದು ಕ್ರಿಸ್ಟಾಳಿಗೆ ಫೋನ್ ಮಾಡುವ ರೂಢಿ. ಒಂದು ಭಾನುವಾರ ಮೊಮ್ಮಗಳು ಫೋನ್ ಕಸಿದುಕೊಂಡು ಅಜ್ಜಿಯ ಮಾತು ಕೇಳಿ ಕಿಲಕಿಲ ನಕ್ಕಿತು. "ಅಮ್ಮಾ, ಅಜ್ಜಿ ಪಾಪು ಥರ ಮಾತಾಡ್ತಾಳೆ!" ಕ್ರಿಸ್ಟಾ ಮಗುವನ್ನು ಗದರಿದ್ದು ಕೇಳಿಸಿತು. ಮುಂದಿನ ಭಾನುವಾರ ಅರ್ಲೀನ್ ಫೋನ್ ಮಾಡಲಿಲ್ಲ. ಅದರ ಮುಂದಿನದೂ ಮಾಡಲಿಲ್ಲ. ಮಗಳೇ ಮಾಡಿದಾಗ ಗಂಟಲು ಕಟ್ಟಿದೆ ಎಂದು ಬೇಗ ಇಟ್ಟಳು.

ಮಾತಾಡುವುದನ್ನೇ ಬಿಟ್ಟಳು. ದಿನವಿಡೀ ವರ್ಜಿಲನ ಕುರ್ಚಿಯಲ್ಲಿ ಕೂತು ಹಳ್ಳ ನೋಡುವಳು. ಒಂದು ಮಧ್ಯಾಹ್ನ ಯೂಲಾ ಒಳಗೆ ಬಂದಾಗ ಅರ್ಲೀನಳ ಮಡಿಲಲ್ಲಿ ವರ್ಜಿಲ್ ಬಿಟ್ಟುಹೋದ ನೋವಿನ ಮಾತ್ರೆಗಳ ಬಾಟಲಿ ಇತ್ತು. ಮುಚ್ಚಳ ತೆಗೆದಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೆ ಹಿಡಿದು ಕೂತಿದ್ದಳೋ. ಯೂಲಾ ಬಾಟಲಿಯನ್ನು ಅವಳ ಕೈಯಿಂದ ಬಿಡಿಸಿಕೊಂಡು ತನ್ನ ಏಪ್ರನ್ನಿನ ಜೇಬಿಗೆ ಹಾಕಿದಳು. ಆಮೇಲೆ ಗ್ಯಾಸ್ ಒಲೆಯ ಮೇಲೆ ನೀರಿಟ್ಟು ಕಾಫಿ ಮಾಡಿ ಅವಳ ಮುಂದೆ ಕೂತಳು. ಕತ್ತಲಾಗುವವರೆಗೂ ಎದ್ದುಹೋಗಲಿಲ್ಲ.

"ಯೂಲಜ್ಜಿ, ನಾನು ಯಾರಿಗೂ ಏನೂ ಕೆಟ್ಟದ್ದು ಮಾಡ್ಲಿಲ್ಲ" ಎಂದಳು ಅರ್ಲೀನ್ ಕೊನೆಗೆ. ಅಕ್ಷರಗಳು ಕಲಸಿಹೋಗಿದ್ದರೂ ಯೂಲಾಳಿಗೆ ಪ್ರತಿಯೊಂದೂ ಕೇಳಿಸಿತು.

"ಮಾಡಿದ್ರೆ ಇಷ್ಟೊತ್ತಿಗೆ ದೊಡ್ಡ ಮನೆ ಕಟ್ಟಿರ್ತಿದ್ದೆ. ಕಾಫಿ ಕುಡಿ, ಆರುತ್ತೆ."

ಮಾರನೆಯ ಬೆಳಿಗ್ಗೆ ಮುದುಕಿ ಮತ್ತೆ ಬಂದಳು. ಕೈಯಲ್ಲಿ ಕರವಸ್ತ್ರದ ಗಂಟು. ಮೇಜಿನ ಮೇಲೆ ಬಿಚ್ಚಿದಳು. ಒಳಗೆ ಒಂದು ಮೇಲಿನ ಸಾಲಿನ ಹಲ್ಲುಸೆಟ್ಟು.

ಅರ್ಲೀನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. "ಇದು ಯಾರದು?"

"ನನ್ನ ತಂಗಿ ಓಪಲ್‌ದು. ಅವಳನ್ನ ಮಣ್ಣು ಮಾಡೋವಾಗ ಹಾಕೋಕೆ ಮರೆತ್ರು. ಬಾಯಿ ಮುಚ್ಚೇ ಇತ್ತಲ್ಲ, ಯಾರಿಗೂ ಗೊತ್ತಾಗ್ಲಿಲ್ಲ."

"ಸತ್ತವರ ಹಲ್ಲು!"

"ಓಪಲ್ ಬದುಕಿದ್ದಾಗ ಪಕ್ಕದ ಮನೆಗೆ ಒಂದು ಚಮಚ ಸಕ್ಕರೆ ಕೊಟ್ಟವಳಲ್ಲ. ಸತ್ತ ಮೇಲಾದ್ರೂ ಯಾರಿಗಾದ್ರೂ ಉಪಯೋಗಕ್ಕೆ ಬರಲಿ. ಕುದಿಸಿದ್ದೀನಿ. ನಂದೇ ಕೊಡ್ತಿದ್ದೆ, ಆದ್ರೆ ಜನರನ್ನ ಬೈಯೋಕೆ ನನಗೆ ಬೇಕಲ್ಲ."

ಗುಡ್ಡದಾಚೆಯ ವೃದ್ಧಾಶ್ರಮದಲ್ಲಿ ರಿಸೆಪ್ಷನ್ ಮೇಜಿಗೆ ಆಳು ಬೇಕೆಂಬ ಸುದ್ದಿಯನ್ನೂ ಯೂಲಾಳೇ ತಂದಿದ್ದಳು. ಅರ್ಲೀನ್ ತುಂಬ ಹೊತ್ತು ಆ ಗುಲಾಬಿ ಬಣ್ಣದ ಅಂಗುಳವನ್ನು ನೋಡುತ್ತ ಕೂತಳು. ಆಮೇಲೆ ಎತ್ತಿ ಬಾಯಿಗೆ ಹಾಕಿಕೊಂಡಳು. ಓಪಲ್‌ಳ ಬಾಯಿ ಅಗಲ. ಒಂದು ಪಕ್ಕ ಒಸಡಿಗೆ ಒತ್ತುತ್ತಿತ್ತು, ಇನ್ನೊಂದು ಪಕ್ಕ ತೂಗಾಡುತ್ತಿತ್ತು. ಉಗುರು ತಿಕ್ಕುವ ಅರದಿಂದ ಇಬ್ಬರೂ ಸೇರಿ ಆ ಅಂಚನ್ನು ಉಜ್ಜಿದರು. ಅಂಟಿಸುವ ಪೇಸ್ಟು ದಪ್ಪಗೆ ಹಚ್ಚಿದರು. ಅರ್ಲೀನ್ ಕನ್ನಡಿಯ ಮುಂದೆ ನಿಂತು ಮೆಲ್ಲಗೆ ನಕ್ಕಳು. ಸತ್ತವಳೊಬ್ಬಳ ನಗು ಅವಳ ಮುಖದ ಮೇಲೆ ಕೂತಿತ್ತು. ಆದರೆ ನಗು ನಗುವೇ. ಯೂಲಾ ಮುಖ ತಿರುಗಿಸಿ, "ಓಪಲ್‌ಗಿಂತ ನಿನಗೇ ಚೆನ್ನಾಗಿ ಕಾಣುತ್ತೆ" ಎಂದಳು.

ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಜನ ಆರಿಸುವವಳು ಡೆನೀಸ್. ಹಾಲ್‌ಬ್ರೂಕನ ಅಂಗಡಿಗೆ ಪ್ರತಿ ಶುಕ್ರವಾರ ಬರುತ್ತಿದ್ದವಳು. ಅವಳ ಮಕ್ಕಳು ಯಾವ ಸಿಹಿ ಕಾರ್ನ್‌ಫ್ಲೇಕ್ಸಿಗೆ ಹಟ ಮಾಡುತ್ತಿದ್ದರು ಎಂಬುದು ಅರ್ಲೀನಳಿಗೆ ಇವತ್ತಿಗೂ ನೆನಪು. ಡೆನೀಸ್ ಎದ್ದು ಬಂದು ಅಪ್ಪಿಕೊಂಡಳು.

"ಅಯ್ಯೋ ಅರ್ಲೀನ್! ಎಷ್ಟು ದಿನ ಆಯ್ತೇ ನಿನ್ನ ನೋಡಿ! ಕೂತ್ಕೋ, ಕೂತ್ಕೋ."

ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಅರ್ಲೀನ್ ಮಾತುಗಳನ್ನು ಮೊಟ್ಟೆ ಜೋಡಿಸುವ ಹಾಗೆ ಒಂದೊಂದಾಗಿ ಇಟ್ಟಳು. ಮುದುಕರ ಜೊತೆ, ದುಃಖದಲ್ಲಿ ಬರುವ ಅವರ ಮಕ್ಕಳ ಜೊತೆ ಹೇಗೆ ಮಾತಾಡಬೇಕು ಎಂದು ತನಗೆ ಗೊತ್ತು ಎಂದಳು. ಅದು ಸುಳ್ಳಲ್ಲ. ಡೆನೀಸ್ ನಗುತ್ತಿದ್ದಳು. ಒಸಡು ಸುಡುತ್ತಿತ್ತು, ಬಾಯಲ್ಲಿ ರಕ್ತದ ರುಚಿ ಬಂತು. ಅದನ್ನು ನುಂಗಲು ಹೋದಾಗ ಪೇಸ್ಟು ಬಿಟ್ಟುಕೊಂಡಿತು. ಮಾತಿನ ಮಧ್ಯೆ ಮೇಲಿನ ಸಾಲು ಪೂರಾ ಕಳಚಿ ಕೆಳತುಟಿಯ ಮೇಲೆ ಬಂದು ನಿಂತಿತು.

ಕೈ ಮೇಲೆತ್ತುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಡೆನೀಸ್ ಕಿಟಕಿಯ ಕಡೆ ನೋಡುತ್ತಿದ್ದಳು. ಅರ್ಲೀನ್ ಹಲ್ಲುಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ತುಟಿಗೆ ರಕ್ತ ಮೆತ್ತಿತ್ತು.

"ಸರಿ," ಎಂದಳು ಡೆನೀಸ್, ಕಿಟಕಿಯ ಕಡೆಯಿಂದಲೇ. "ಇನ್ನೂ ಒಬ್ಬಿಬ್ಬರು ಬರೋರಿದ್ದಾರೆ. ನಾವು ಹೇಳಿ ಕಳಿಸ್ತೀವಿ."

ಅವಳು ಎದ್ದುಹೋಗುತ್ತಾಳೆ ಎಂದು ಡೆನೀಸ್ ಕಾದಳು. ಅರ್ಲೀನ್ ಏಳಲಿಲ್ಲ. ಎಲ್ಲ ಮೇಜುಗಳ ಮುಂದಿನಿಂದ ಮಾತಿಲ್ಲದೆ ಎದ್ದು ಬಂದವಳಿಗೆ ಇವತ್ತು ಕಾಲೇ ಏಳಲಿಲ್ಲ.

"ಎದುರಿಗೇ ಹೇಳು ಡೆನೀಸ್. ಯಾರೂ ಹೇಳಲ್ಲ. ನೀನಾದ್ರೂ ನನ್ನ ಮುಖ ನೋಡಿ ಹೇಳು."

ಡೆನೀಸಳ ಕತ್ತಿನ ಮೇಲೆ ಕೆಂಪು ಏರಿತು. ತಿರುಗಿ ನೋಡಿದಳು. "ಬಾಗಿಲಲ್ಲಿ ಕೂರೋರು ನೋಡೋಕೆ ಚೆನ್ನಾಗಿರಬೇಕು ಅಂತಾರೆ ಕಣೇ. ಅಪ್ಪನ್ನೋ ಅಮ್ಮನ್ನೋ ಬಿಟ್ಟು ಹೋಗೋಕೆ ಬಂದೋರು ಮೊದಲು ನಿನ್ನ ನೋಡ್ತಾರೆ. ನಾನು ಮಾಡಿದ ನಿಯಮ ಅಲ್ಲ. ನಾನು ಇದನ್ನ ಮೀರಿದ್ರೆ ನಾಳೆ ನಿನ್ನ ಪಕ್ಕದ ಕುರ್ಚಿಯಲ್ಲಿ ನಾನಿರ್ತೀನಿ."

"ಅಷ್ಟೇ ಕೇಳಿದ್ದು. ಥ್ಯಾಂಕ್ಸ್."

ಅವಳು ಬಾಗಿಲ ಹತ್ತಿರ ಹೋದಾಗ ಡೆನೀಸ್ ಕರೆದಳು. "ಅರ್ಲೀನ್. ಕೆಳಗೆ ನೆಲಮಾಳಿಗೇಲಿ ಲಾಂಡ್ರಿಗೆ ಒಬ್ಬರು ಬೇಕು. ಕೆಲಸ ಕೊಳಕು. ಆದ್ರೆ ಅಲ್ಲಿ ಯಾರೂ ನಿನ್ನ..."

"ಯಾರೂ ನನ್ನ ನೋಡಲ್ಲ" ಎಂದು ಅರ್ಲೀನಳೇ ಅದನ್ನು ಮುಗಿಸಿದಳು. ಅಲ್ಲೇ ನಿಂತು ಕೇಳಿದಳು, "ಯಾವತ್ತಿಂದ ಬರ್ಲಿ?"

ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಮೇಲೆ ಅವಳು ಅತ್ತದ್ದು ಸಿಟ್ಟಿಗೋ, ಕೆಲಸ ಸಿಕ್ಕ ನೆಮ್ಮದಿಗೋ, ಅವಳಿಗೇ ತಿಳಿಯಲಿಲ್ಲ. ಆ ನೆಮ್ಮದಿಯೇ ಅವಳಿಗೆ ಹೆಚ್ಚು ನಾಚಿಕೆ ತಂದಿತು.

ನೆಲಮಾಳಿಗೆಯಲ್ಲಿ ಕಿಟಕಿಯಿರಲಿಲ್ಲ. ಮೇಲಿನ ಮಹಡಿಗಳಿಂದ ಕೊಳವೆಯೊಂದರೊಳಗೆ ಹೊಲಸಾದ ಹಾಸು ಹೊದಿಕೆಗಳು ದೊಪ್ಪದೊಪ್ಪನೆ ಬಂದು ಬೀಳುತ್ತಿದ್ದವು. ಅವಳು ಕೈಗವಸು ತೊಟ್ಟು ಬೇರ್ಪಡಿಸಿ, ಯಂತ್ರಕ್ಕೆ ತುಂಬಿ, ಒಣಗಿಸಿ, ಮಡಚಿ, ಗಾಡಿಗೆ ಪೇರಿಸುತ್ತಿದ್ದಳು. ಯಂತ್ರಗಳ ಗದ್ದಲದಲ್ಲಿ ಮಾತಿನ ಹಂಗೇ ಇರಲಿಲ್ಲ. ಲಾಂಡ್ರಿಯ ಮೇಲ್ವಿಚಾರಕ ರಾಂಡಲ್ ಎಂಬವನು. ಪೂರ್ತಿ ವಾರದ ಕೆಲಸ ಕೊಟ್ಟರೆ ವಿಮೆಯನ್ನೂ ಕೊಡಬೇಕಾಗುತ್ತದೆ ಎಂದು ಅದಕ್ಕೆ ಸ್ವಲ್ಪ ಕಡಿಮೆಯಾಗುವ ಹಾಗೆ ಶಿಫ್ಟು ಹಾಕುತ್ತಿದ್ದ. ಆದರೂ ಅವಳ ಮನೆಗೆ ಮತ್ತೆ ವಿದ್ಯುತ್ತು ಬಂತು. ಯೂಲಾಳ ವೈರನ್ನು ಸುತ್ತಿ ಹಿಂದಿರುಗಿಸಿದಳು. ಓಪಲ್‌ಳ ಹಲ್ಲಿನಿಂದಾದ ಹುಣ್ಣು ಉಪ್ಪುನೀರು ಮುಕ್ಕಳಿಸುತ್ತ ಮುಕ್ಕಳಿಸುತ್ತ ಮಾಯಿತು.

ಚಳಿಗಾಲವಿಡೀ ಅವಳು ಒಂದನ್ನೇ ಕಾದಳು. ಬೇಸಿಗೆಯ ಶಿಬಿರ. ಹಲ್ಲು ಬಂದರೆ ಬ್ರಾಡ್ಲಿಗೆ ಫೋನ್ ಮಾಡುವುದು, ಮತ್ತೆ ಆ ಗೋಡೆಯ ಮುಂದೆ ಕೂರುವುದು, ಭಾನುವಾರ ಮೊಮ್ಮಗಳ ಜೊತೆ ಹೊಟ್ಟೆ ತುಂಬ ಮಾತಾಡುವುದು. ಶಿಬಿರದ ದಿನ ಗೊತ್ತಾದ ಕೂಡಲೇ ರಾಂಡಲನ ಹತ್ತಿರ ಹೋದಳು. ಹಲ್ಲಿನ ಅಚ್ಚು ತೆಗೆಯುವುದು ಮೊದಲನೆಯ ದಿನ ಮಾತ್ರ, ಶುಕ್ರವಾರ.

"ಶುಕ್ರವಾರ ಆಗಲ್ಲ" ಎಂದ ರಾಂಡಲ್. "ಆ ವಾರ ಇನ್ಸ್‌ಪೆಕ್ಷನ್ ಇದೆ. ಬೇರೆ ಶಿಫ್ಟಲ್ಲಿ ಇಲ್ಲಿ ಒಗೀತಿದ್ದ ಇನ್ನೊಬ್ಬಳೂ ಬಿಟ್ಟು ಹೋದ್ಲು. ಈಗ ಇರೋಳು ನೀನೊಬ್ಬಳೇ."

"ನಾನು ಬಂದಾಗಿಂದ ಒಂದು ದಿನ ರಜೆ ಕೇಳಿಲ್ಲ. ಬೇಕಾದ್ರೆ ಭಾನುವಾರ ಬಂದು ಎರಡು ಶಿಫ್ಟು ಮಾಡ್ತೀನಿ. ವರ್ಷಕ್ಕೆ ಒಂದೇ ಸಲ ಬರ್ತಾರೆ."

"ಹೋಗು, ನಾನೇನು ಕಟ್ಟಿಹಾಕಿದ್ದೀನಾ? ಹೋದ್ರೆ ಸೋಮವಾರ ಬರೋ ತೊಂದ್ರೆ ತಗೋಬೇಡ. ಈ ಕೆಲಸಕ್ಕೆ ಹಲ್ಲು ಯಾತಕ್ಕೆ ಬೇಕು ಹೇಳು, ಹಾಸಿಗೆ ಬಟ್ಟೆ ಕಚ್ಚಿ ಒಗೀತೀಯಾ?"

ತನ್ನ ಮಾತಿಗೆ ತಾನೇ ನಕ್ಕ. ಅವಳು ಡೆನೀಸಳ ಹತ್ತಿರ ಹೋದಳು. ಡೆನೀಸ್ ಕೈ ಹಿಡಿದುಕೊಂಡಳು, ಲಾಂಡ್ರಿಯ ವಿಷಯದಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂದಳು. ಅದು ನಿಜವೋ ಏನೋ.

ಆ ಶುಕ್ರವಾರ ಬೆಳಿಗ್ಗೆ ಯೂಲಾ ತೊಳೆದ ಅಂಗಿ ತೊಟ್ಟು ಕಾರಿನಲ್ಲಿ ಬಂದು ಕೂತಿದ್ದಳು. ಅರ್ಲೀನ್ ಏನು ತೀರ್ಮಾನಿಸಿದ್ದಾಳೆ ಎಂದು ಕೇಳಿರಲಿಲ್ಲ. ಅರ್ಲೀನಳಿಗೂ ಗೊತ್ತಿರಲಿಲ್ಲ. ಹೆದ್ದಾರಿ ಕವಲೊಡೆಯುವಲ್ಲಿ ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿದಳು. ಎಡಕ್ಕೆ ಹೈಸ್ಕೂಲು, ಬಲಕ್ಕೆ ಗುಡ್ಡದಾಚೆಯ ವೃದ್ಧಾಶ್ರಮ. ಶಿಬಿರಕ್ಕೆ ಹೋಗುವ ಕಾರುಗಳು ಒಂದರ ಹಿಂದೊಂದು ಎಡಕ್ಕೆ ತಿರುಗುತ್ತಿದ್ದವು. ಹಲ್ಲು ಬಂದರೂ ಬ್ರಾಡ್ಲಿಯ ಹತ್ತಿರ ಕುರ್ಚಿ ಉಳಿದಿರದಿದ್ದರೆ? ಕತ್ತಲ ಮನೆ, ಹುಲ್ಲಿನ ಮೇಲೆ ಹರಿದ ವೈರು, ವರ್ಜಿಲನ ಕುರ್ಚಿ. ಆ ಕುರ್ಚಿಯಲ್ಲಿ ಇನ್ನೊಂದು ಚಳಿಗಾಲ ಕೂತರೆ ತಾನು ಏಳುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಿತ್ತು.

"ತಿರುಗಿಸೇ" ಎಂದಳು ಯೂಲಾ. "ಎಡಕ್ಕೆ ತಿರುಗಿಸು. ಆ ಹಂದಿ ಮುಖದವನ ಕೆಲಸ ಹೋದ್ರೆ ಹೋಗ್ಲಿ."

"ನನ್ನ ಕೈಲಾಗಲ್ಲ ಯೂಲಜ್ಜಿ."

"ಅರ್ಲೀನ್!"

"ಆಗಲ್ಲ."

ಯೂಲಾ ಧಡ್ಡೆಂದು ಬಾಗಿಲು ತೆಗೆದು ಇಳಿದಳು. "ಹಾಗಾದ್ರೆ ನಾನೇ ಹೋಗ್ತೀನಿ. ನಿನ್ನ ಪರವಾಗಿ ಜಗಳ ಆಡೋಕೆ ಒಬ್ಬರಾದ್ರೂ ಬೇಡ್ವಾ?" ಎನ್ನುತ್ತ ಊರುಗೋಲು ಎತ್ತಿ, ಎಡಕ್ಕೆ ತಿರುಗುತ್ತಿದ್ದ ಯಾರದೋ ಪಿಕಪ್ ಗಾಡಿಯನ್ನು ತಡೆದು ಹತ್ತಿದಳು. ಅರ್ಲೀನ್ ಬಲಕ್ಕೆ ತಿರುಗಿಸಿದಳು.

ಅವತ್ತು ಸಂಜೆ ಯೂಲಾ ಬಂದಾಗ ಅರ್ಲೀನ್ ಅಡುಗೆಮನೆಯ ಮೇಜಿನಲ್ಲಿ ಮಜ್ಜಿಗೆಗೆ ಬ್ರೆಡ್ಡು ಮುರಿದು ಹಾಕುತ್ತಿದ್ದಳು. ಮುದುಕಿ ಎದುರಿಗೆ ಕೂತು ಊರುಗೋಲನ್ನು ಮೇಜಿಗೆ ಒರಗಿಸಿದಳು.

"ಸಾಲಲ್ಲಿ ನಿಂತೆ. ನನ್ನ ಸರದಿ ಬಂತು. ನಿನ್ನ ಹೆಸರು ಹೇಳಿದೆ. ಒಬ್ಬ ಹುಡುಗ ನನ್ನ ಬಾ ಅಂತ ಕೂರಿಸಿ ಬಾಯಿ ತೆಗೆಯಿರಿ ಅಂದ. ತೆಗೆದೆ. 'ಅಜ್ಜೀ, ನಿಮಗೆ ಆಗಲೇ ಸೆಟ್ಟು ಇದೆಯಲ್ಲ' ಅಂತಾನೆ. ನನಗಲ್ಲ ಕಣಪ್ಪಾ, ನನ್ನ ಪಕ್ಕದ ಮನೆಯವಳಿಗೆ, ಅವಳ ಬಾಯಿ ನನ್ನಷ್ಟೇ ಇದೆ, ಸ್ವಲ್ಪ ಚಿಕ್ಕದು, ಕಡಿಮೆ ಮಾತಾಡ್ತಾಳೆ ಅಂದೆ. ಬಾಯಿಲ್ಲದೆ ಹಲ್ಲು ಮಾಡೋಕಾಗಲ್ಲ ಅಜ್ಜಿ ಅಂದ. ಬೈದೆ. ಬೈದದ್ದಕ್ಕೆ ಇದು ಕೊಟ್ಟು ಕಳಿಸಿದ."

ಒಂದು ಹೊಸ ಹಲ್ಲುಜ್ಜುವ ಬ್ರಷ್ಷು, ಪುಟ್ಟ ಪೇಸ್ಟಿನ ಟ್ಯೂಬು, ಎರಡೂ ಇದ್ದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಇಟ್ಟಳು. ಅರ್ಲೀನ್ ನಗುತ್ತಾಳೆ ಎಂದುಕೊಂಡಿದ್ದಳು. ಅರ್ಲೀನ್ ನಗಲಿಲ್ಲ.

"ಆ ಎಳೇ ಡಾಕ್ಟ್ರು ಇದ್ಲಾ? ಲೆಕ್ಸಿಂಗ್ಟನ್ ಹುಡುಗಿ?"

"ಇದ್ಲು. ನಿನ್ನ ನೆನಪಿದೆ ಅಂದ್ಲು. ಸುಳ್ಳಿರಬಹುದು. ಒಳ್ಳೇ ಹುಡುಗಿ, ಸುಳ್ಳೂ ಒಳ್ಳೇದೇ."

"ಮುಂದಿನ ವರ್ಷ ಬರ್ತಾರಂತಾ?"

ಯೂಲಾ ಪ್ಲಾಸ್ಟಿಕ್ ಚೀಲದ ಬಾಯಿಗೆ ಗಂಟು ಹಾಕಿದಳು. ಅದನ್ನು ಹೇಳದೆ ಇರುವುದಕ್ಕೇ ಅಷ್ಟೆಲ್ಲ ಮಾತಾಡಿದ್ದಳು. "ಆ ಹೈಸ್ಕೂಲನ್ನ ಮುಚ್ತಾರಂತೆ ಕಣೇ. ಮಕ್ಕಳಿಲ್ವಂತೆ. ಬೇರೆ ಜಾಗ ಸಿಕ್ಕಿದ್ರೆ ನೋಡ್ತೀವಿ ಅಂದ್ರು."

ಅರ್ಲೀನ್ ತಲೆಯಾಡಿಸಿದಳು. ಚಮಚದಿಂದ ಬ್ರೆಡ್ಡನ್ನು ಮಜ್ಜಿಗೆಯೊಳಗೆ ಒತ್ತಿದಳು. ಇನ್ನೊಂದು ಬಟ್ಟಲು ತೆಗೆದು ಮುದುಕಿಗೂ ಬಡಿಸಿದಳು. ಯೂಲಾ ರಾಂಡಲನನ್ನು, ಅವನ ಅಪ್ಪನನ್ನು, ವೃದ್ಧಾಶ್ರಮ ಕಟ್ಟಿದವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಬೈಯತೊಡಗಿದಳು. ಅರ್ಲೀನ್ "ಹೂಂ" ಎನ್ನುತ್ತ ತಿಂದಳು. ಆಮೇಲೆ ಎದ್ದು ತೊಟ್ಟಿಯಲ್ಲಿ ನೆನೆಹಾಕಿದ್ದ ಕೆಲಸದ ಅಂಗಿಯನ್ನು ಹಿಂಡಿ ಹೀಟರಿನ ಮುಂದೆ ಕುರ್ಚಿಯ ಬೆನ್ನಿಗೆ ಹರಡಿದಳು. ಕೆಲಸಕ್ಕೆಂದು ಅವಳಿಗೆ ಇದ್ದದ್ದು ಅದೊಂದೇ ಅಂಗಿ, ಬೆಳಗಾಗುವುದರೊಳಗೆ ಒಣಗಬೇಕಿತ್ತು. ಲಾಂಡ್ರಿ ಬಿಟ್ಟುಹೋದವಳ ಶನಿವಾರದ ಶಿಫ್ಟನ್ನೂ ರಾಂಡಲ್ ಅವಳ ಹೆಸರಿಗೇ ಹಾಕಿದ್ದ.